ಸಿಟಿಯಲ್ಲಿ ಸರಿಯಿದ್ದ ಕಾರು ಹೈವೇನಲ್ಲಿ ಹೀಟ್ ಆಗುವುದೇಕೆ? ಗೋಪಾಲಸ್ವಾಮಿ ಬೆಟ್ಟದ ದಾರಿ ಹಿಡಿಯುವ ಮುನ್ನ ತಿಳಿದಿರಲಿ

ಎರಡು ದಿನ ರಜೆ ಸಿಕ್ಕರೆ ಸಾಕು, ಬೆಂಗಳೂರು, ಮೈಸೂರಿನ ಕಾರುಗಳು ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆ ಹೊರಡುತ್ತವೆ. ಕೆಲವರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ, ಕೆಲವರು ಬಂಡೀಪುರಕ್ಕೆ, ಇನ್ನು ಕೆಲವರು ಊಟಿಗೋ ವಯನಾಡಿಗೋ. ಈ ದಾರಿಯಲ್ಲಿ ಬಾನೆಟ್ ಎತ್ತಿಕೊಂಡು ರಸ್ತೆ ಪಕ್ಕ ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ. ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಊರೊಳಗೆ ದಿನಾ ಓಡಿಸ್ತೀವಿ, ಏನೂ ತೊಂದರೆ ಇರಲಿಲ್ಲ. ಹೈವೇಗೆ ಬಂದ ಮೇಲೆ ಹೀಟ್ ಆಯ್ತು."

ಇದಕ್ಕೆ ಪರಿಹಾರ ಎಂದು ವಾಟ್ಸಾಪ್‌ನಲ್ಲಿ ಬಗೆಬಗೆಯ ಸಲಹೆಗಳು ಓಡಾಡುತ್ತವೆ. ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಎಂಜಿನ್ ಮೇಲೆ ತಣ್ಣೀರು ಸುರಿಯಿರಿ, ಕೂಲೆಂಟ್ ದಂಡ, ನೀರೇ ಸಾಕು, ಹೀಟರ್ ಆನ್ ಮಾಡಿ, ಹೀಗೆ. ಇವುಗಳಲ್ಲಿ ಒಂದೆರಡು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಕೆಲವು ಎಂಜಿನ್ ಕೆಡಿಸುತ್ತವೆ, ಇನ್ನು ಕೆಲವು ಕೈ, ಮುಖ ಸುಡುತ್ತವೆ. ಯಾವುದು ಯಾವುದೆಂದು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತವಾಗಿ

• ನಿಂತಾಗ, ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗುವ ಕಾರಿನಲ್ಲಿ ಮೊದಲ ಅನುಮಾನ ಫ್ಯಾನ್ ಮೇಲೆ.
• ಹೈವೇ ವೇಗದಲ್ಲಿ ಮಾತ್ರ ಹೀಟ್ ಆಗುವ ಕಾರಿನಲ್ಲಿ ಫ್ಯಾನ್ ಬದಲಿಸಿದರೆ ಪ್ರಯೋಜನವಾಗುವುದು ಕಡಿಮೆ. ಅಲ್ಲಿ ನೋಡಬೇಕಾದದ್ದು ಕೂಲೆಂಟ್ ಮಟ್ಟ, ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ಮತ್ತು ಹೋಸ್ ಪೈಪ್.
• ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.
• ಬಂಡೀಪುರದ ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ. ಪರೀಕ್ಷೆಯೆಲ್ಲ ಕಾಡು ಶುರುವಾಗುವ ಮುನ್ನವೇ ಮುಗಿದಿರಬೇಕು.

ಎಂಜಿನ್‌ನ ಬಿಸಿ ಎಲ್ಲಿಗೆ ಹೋಗುತ್ತದೆ?

ನಾವು ಹಾಕಿಸುವ ಪೆಟ್ರೋಲ್ ಅಥವಾ ಡೀಸೆಲ್‌ನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಸಣ್ಣ ಪಾಲು. ಉಳಿದದ್ದೆಲ್ಲ ಬಿಸಿಯಾಗಿ ಹೊರಹೋಗುತ್ತದೆ. ಸ್ಥೂಲವಾಗಿ ಮೂರನೇ ಒಂದು ಭಾಗ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಜೊತೆ ಹೋದರೆ, ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಕೂಲೆಂಟ್ ಹೊತ್ತೊಯ್ಯಬೇಕು.

ಕೂಲೆಂಟ್ ಎಂಜಿನ್ನಿನೊಳಗೆ ಸುತ್ತಿ ಬಿಸಿಯಾಗುತ್ತದೆ, ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಹರಿದು ಗಾಳಿಗೆ ಬಿಸಿ ಕೊಟ್ಟು ತಣ್ಣಗಾಗುತ್ತದೆ, ಮತ್ತೆ ಎಂಜಿನ್ನಿಗೆ ಬರುತ್ತದೆ. ಇದನ್ನು ತಳ್ಳುವುದು ವಾಟರ್ ಪಂಪ್. ರೇಡಿಯೇಟರ್‌ಗೆ ಎಷ್ಟು ಬಿಡಬೇಕೆಂದು ನಿರ್ಧರಿಸುವುದು ಥರ್ಮೋಸ್ಟಾಟ್. ಇದೊಂದು ಸಣ್ಣ ಬಾಗಿಲಿನಂತೆ. ಹಲವು ಕಾರುಗಳಲ್ಲಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ.

ಮುಚ್ಚಳದ ಕೆಲಸವೂ ದೊಡ್ಡದೇ. ಅದು ವ್ಯವಸ್ಥೆಯೊಳಗೆ ಒತ್ತಡ ಹಿಡಿದಿಡುತ್ತದೆ. ಪ್ರೆಶರ್ ಕುಕ್ಕರ್‌ನ ಹಾಗೆ, ಒತ್ತಡ ಹೆಚ್ಚಿದಷ್ಟೂ ನೀರು ಕುದಿಯುವ ಉಷ್ಣತೆ ಹೆಚ್ಚುತ್ತದೆ. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚು ಒತ್ತಡವಿದ್ದರೆ ಬರಿಯ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಮುಚ್ಚಳ ತೆರೆದರೆ ಅದೇ ನೀರು ಅದೇ ಕ್ಷಣದಲ್ಲಿ ಕುದಿದು ಮೇಲಕ್ಕೆ ಚಿಮ್ಮುತ್ತದೆ.

ಎತ್ತರದಲ್ಲಿ ಮುಚ್ಚಳದ ಮಹತ್ವ ಇನ್ನೂ ಹೆಚ್ಚು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಊಟಿ ಅದಕ್ಕಿಂತಲೂ ಎತ್ತರ. ಮುಚ್ಚಳದ ರಬ್ಬರ್ ಹಾಳಾಗಿ ಒತ್ತಡ ನಿಲ್ಲದ ಕಾರು ಬಯಲಿನಲ್ಲಿ ಹೇಗೋ ತಡೆದುಕೊಂಡರೂ ಮೇಲೆ ಹೋದಂತೆ ಬೇಗ ಕುದಿಯುತ್ತದೆ.

ವೇಗ ಎರಡು ಪಟ್ಟು, ಕೆಲಸ ಎಂಟು ಪಟ್ಟು

ಹೈವೇನಲ್ಲಿ ಗಾಳಿ ಜೋರಾಗಿ ಬೀಸುತ್ತದೆ, ಹಾಗಿದ್ದರೆ ಎಂಜಿನ್ ಇನ್ನೂ ತಣ್ಣಗಿರಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಅರ್ಧ ನಿಜ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಅಷ್ಟು ವೇಗದಲ್ಲಿ ಮುಂಭಾಗಕ್ಕೆ ನುಗ್ಗುವ ಗಾಳಿಯ ಮುಂದೆ ಫ್ಯಾನ್ ಏನೇನೂ ಅಲ್ಲ. ಆದ್ದರಿಂದಲೇ ಸರಿಯಿರುವ ಕಾರಿನಲ್ಲಿ ಹೈವೇ ವೇಗದಲ್ಲಿ ಫ್ಯಾನ್ ತಿರುಗುವ ಅಗತ್ಯವೇ ಹೆಚ್ಚಾಗಿ ಬೀಳುವುದಿಲ್ಲ.

ಇನ್ನರ್ಧ ಹೀಗಿದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಎಂಜಿನ್ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 50 ಕಿ.ಮೀ. ವೇಗದಿಂದ 100ಕ್ಕೆ ಹೋದರೆ ಗಾಳಿಯ ವಿರುದ್ಧ ಮಾತ್ರ ಎಂಟು ಪಟ್ಟು ಶಕ್ತಿ ಬೇಕು. ಟೈರ್ ಘರ್ಷಣೆಯಂಥ ಬೇರೆ ಹೊರೆಗಳು ಅಷ್ಟು ಏರುವುದಿಲ್ಲವಾದ್ದರಿಂದ ಒಟ್ಟು ಕೆಲಸ ಎಂಟು ಪಟ್ಟಾಗದಿದ್ದರೂ ಹಲವು ಪಟ್ಟಾಗುತ್ತದೆ. ಕೆಲಸ ಹೆಚ್ಚಿದಂತೆ ಬಿಸಿಯೂ ಹೆಚ್ಚುತ್ತದೆ.

ಈಗ ಒಂದು ಕಾರಿನ ರೇಡಿಯೇಟರ್ ಅರ್ಧ ಕಟ್ಟಿಕೊಂಡಿದೆ ಎಂದುಕೊಳ್ಳಿ. ಜಯನಗರದಲ್ಲೋ ಸರಸ್ವತಿಪುರಂನಲ್ಲೋ 40ರ ವೇಗದಲ್ಲಿ ಓಡುವಾಗ ಉಳಿದರ್ಧವೇ ಸಾಕಾಗುತ್ತದೆ, ದೋಷ ತೋರುವುದಿಲ್ಲ. ಅದೇ ಕಾರು ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಒಂದು ಗಂಟೆ ಬಿಡದೆ ನೂರರ ವೇಗದಲ್ಲಿ ಓಡಿದಾಗ ಉಳಿದರ್ಧ ಸಾಲದು. ದೋಷ ಹೈವೇನಲ್ಲಿ ಹುಟ್ಟಿದ್ದಲ್ಲ, ಊರಿನಲ್ಲೇ ಇತ್ತು. ಹೈವೇ ಅದನ್ನು ತೋರಿಸಿತು ಅಷ್ಟೇ.

ಎಲ್ಲಿ ಹೀಟ್ ಆಗುತ್ತದೆ ಎಂಬುದೇ ಮೊದಲ ಸುಳಿವು

ಮೆಕ್ಯಾನಿಕ್ ಬಳಿ ಹೋದಾಗ "ಗಾಡಿ ಹೀಟ್ ಆಗುತ್ತೆ" ಎಂದಷ್ಟೇ ಹೇಳಬೇಡಿ. ಯಾವಾಗ, ಎಷ್ಟು ಹೊತ್ತಿಗೆ, ಯಾವ ವೇಗದಲ್ಲಿ ಎಂದು ಹೇಳಿ. ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

1. ಸಿಗ್ನಲ್‌ನಲ್ಲಿ ನಿಂತಾಗ ಹೀಟ್, ಓಡತೊಡಗಿದರೆ ಇಳಿಯುತ್ತದೆ: ಫ್ಯಾನ್ ಮೋಟಾರ್, ಫ್ಯೂಸ್, ರಿಲೇ ಅಥವಾ ಫ್ಯಾನ್‌ಗೆ ಆಜ್ಞೆ ಕೊಡುವ ಸೆನ್ಸರ್.

2. ಊರೊಳಗೆ ಸರಿ, 80–100ರ ವೇಗದಲ್ಲಿ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ: ಕೂಲೆಂಟ್ ಹರಿವು ಅಥವಾ ರೇಡಿಯೇಟರ್‌ನ ಸಾಮರ್ಥ್ಯ ಸಾಲದು. ಈ ಲೇಖನದ ಮುಖ್ಯ ವಿಷಯ ಇದೇ.

3. ನಿಧಾನವಾಗಿ ಏರು ಹತ್ತುವಾಗ ಹೀಟ್: ಹೊರೆ ಹೆಚ್ಚು, ಎದುರು ಗಾಳಿ ಕಡಿಮೆ. ಫ್ಯಾನ್, ರೇಡಿಯೇಟರ್ ಎರಡನ್ನೂ ನೋಡಬೇಕು.

4. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಹೀಟ್: ಕೂಲೆಂಟ್ ಬಹಳ ಕಡಿಮೆಯಾಗಿದೆ, ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ.

5. ಮುಳ್ಳು ಏಕಾಏಕಿ ಮೇಲೆ ಹೋಗಿ ಮತ್ತೆ ಕೆಳಗಿಳಿಯುತ್ತದೆ: ವ್ಯವಸ್ಥೆಯಲ್ಲಿ ಗಾಳಿ ಸೇರಿದೆ, ಕೂಲೆಂಟ್ ಕಡಿಮೆಯಿದೆ ಅಥವಾ ಸೆನ್ಸರ್, ವೈರಿಂಗ್ ದೋಷ.

ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಗೋಪಾಲಸ್ವಾಮಿ ಬೆಟ್ಟದಲ್ಲೇ ಕಾಣುತ್ತದೆ. ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ತಪ್ಪಲಲ್ಲಿ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಜನ ತುಂಬಿಕೊಂಡ ಬಸ್ ಸಣ್ಣ ಗೇರ್‌ನಲ್ಲಿ ತಿರುವು ತಿರುವಾಗಿ ಏರುವಾಗ ಎದುರು ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ರೇಡಿಯೇಟರ್ ಮೂಲಕ ಗಾಳಿ ಎಳೆಯುವುದು ಫ್ಯಾನ್. ನಂಜನಗೂಡಿನಿಂದ ಗುಂಡ್ಲುಪೇಟೆಯ ಕಡೆ ವೇಗವಾಗಿ ಬರುವ ಕಾರಿನಲ್ಲಿ ಗಾಳಿ ತಾನಾಗಿ ಬರುತ್ತದೆ. ಅಲ್ಲಿ ಬೇಕಾದದ್ದು ಹರಿವು. ಒಂದೇ ಪ್ರವಾಸ, ಎರಡು ಬೇರೆ ಪರೀಕ್ಷೆ.

ಹೈವೇನಲ್ಲಿ ಮಾತ್ರ ಹೀಟ್: ಕಡಿಮೆ ಖರ್ಚಿನದು ಮೊದಲು

ಕೆಳಗಿನ ಕ್ರಮ ಜೇಬಿಗೆ ಅನುಕೂಲವಾಗುವಂತಿದೆ. ಮೊದಲ ನಾಲ್ಕನ್ನು ಮನೆ ಮುಂದೆ ನೀವೇ ನೋಡಬಹುದು. ಎಂಜಿನ್ ಪೂರ್ತಿ ತಣ್ಣಗಿರಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಒಳ್ಳೆಯ ಸಮಯ.

ಕೂಲೆಂಟ್ ಮಟ್ಟ: ರಿಸರ್ವ್ ಟ್ಯಾಂಕ್‌ನಲ್ಲಿ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಅದು ಎಲ್ಲೋ ಸೋರುತ್ತಿದೆ ಅಥವಾ ಎಂಜಿನ್ನಿನೊಳಗೆ ಸುಡುತ್ತಿದೆ.

ರೇಡಿಯೇಟರ್‌ನ ಮುಂಭಾಗ: ಹೆಚ್ಚಿನ ಕಾರುಗಳಲ್ಲಿ ಮೊದಲು ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್ ಇರುತ್ತದೆ. ಎರಡರ ನಡುವಿನ ಸಂದಿಯಲ್ಲಿ ಧೂಳು, ಹುಳು, ಎಲೆ ಸೇರಿ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಸ್ವಚ್ಛ ಕಾಣಬಹುದು, ಕೊಳೆ ಸಂದಿಯಲ್ಲಿರುತ್ತದೆ. ಸುಗ್ಗಿಯ ಕಾಲದಲ್ಲಿ ಈ ಭಾಗದ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುವುದುಂಟು. ಅದರ ಮೇಲೆ ಹಾದುಹೋದ ಮೇಲೆ ಕಾರಿನ ಅಡಿಯನ್ನೊಮ್ಮೆ ನೋಡಿ. ಹೊಟ್ಟು ರೇಡಿಯೇಟರ್ ಮುಚ್ಚುತ್ತದೆ. ಬಿಸಿ ಸೈಲೆನ್ಸರ್‌ಗೆ ಸುತ್ತಿಕೊಂಡ ಒಣ ಸೊಪ್ಪು ಹೊತ್ತಿ ಉರಿಯುವ ಅಪಾಯವೂ ಇದೆ. ರೇಡಿಯೇಟರ್ ತೊಳೆಯುವಾಗ ಸಾಧಾರಣ ಒತ್ತಡದ ನೀರು ಸಾಕು. ವಾಟರ್ ಸರ್ವಿಸ್‌ನ ಜೋರು ಪೈಪನ್ನು ಹತ್ತಿರ ಹಿಡಿದರೆ ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಗಾಳಿಯ ದಾರಿ: ಬಂಪರ್ ಒಳಗೆ, ಎಂಜಿನ್ ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆಗಳಿರುತ್ತವೆ. ಹಂಪ್‌ಗೆ ತಾಗಿ ಕಿತ್ತುಹೋದರೆ ಅನೇಕರು ಮತ್ತೆ ಹಾಕಿಸುವುದೇ ಇಲ್ಲ. ಆದರೆ ಹೈವೇ ವೇಗದಲ್ಲಿ ಗಾಳಿಯನ್ನು ರೇಡಿಯೇಟರ್‌ನೊಳಗೆ ಹಾಯಿಸುವುದು ಇವೇ. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕಕ್ಕೆ ಜಾರುತ್ತದೆ. ಗ್ರಿಲ್ ಮುಂದೆ ಸಾಲಾಗಿ ಕಟ್ಟಿದ ದೊಡ್ಡ ಲೈಟುಗಳು, ಬೋರ್ಡ್, ಬಟ್ಟೆಯ ಬ್ಯಾನರ್ ಸಹ ಗಾಳಿ ತಡೆಯುತ್ತವೆ.

ಮುಚ್ಚಳ: ತಣ್ಣಗಿರುವಾಗ ತೆಗೆದು ರಬ್ಬರ್ ಬಿರಿದಿದೆಯೇ, ಸ್ಪ್ರಿಂಗ್ ಸಡಿಲವಾಗಿದೆಯೇ ನೋಡಿ. ಕೂಲಿಂಗ್ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಇದೂ ಒಂದು. ಅನುಮಾನವಿದ್ದರೆ ಅದೇ ಒತ್ತಡದ ಅಂಕಿ ಇರುವ ಹೊಸದನ್ನು ಹಾಕಿಸಿ.

ಬೆಲ್ಟ್ ಮತ್ತು ಹೋಸ್: ವಾಟರ್ ಪಂಪ್ ತಿರುಗಿಸುವ ಬೆಲ್ಟ್ ಸಡಿಲವಾಗಿದ್ದರೆ ಹೆಚ್ಚಿನ ವೇಗದಲ್ಲಿ ಜಾರುತ್ತದೆ. ಇನ್ನೊಂದು ದೋಷ ಬಹಳ ಮಂದಿಯ ಕಣ್ಣು ತಪ್ಪಿಸುತ್ತದೆ. ರೇಡಿಯೇಟರ್‌ನಿಂದ ಪಂಪ್‌ಗೆ ಹೋಗುವ ಹೋಸ್ ಹಳೆಯದಾಗಿ ಮೆತ್ತಗಾಗಿದ್ದರೆ, ಎಂಜಿನ್ ಜೋರಾಗಿ ತಿರುಗುವಾಗ ಪಂಪ್‌ನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಸ್ಟ್ರಾದಲ್ಲಿ ದಪ್ಪ ಮಿಲ್ಕ್‌ಶೇಕ್ ಎಳೆದಾಗ ಸ್ಟ್ರಾ ಒಳಕ್ಕೆ ಕುಸಿಯುವ ಹಾಗೆ. ಕಾರು ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಹೋಸ್ ಮತ್ತೆ ಉಬ್ಬಿ ಮೊದಲಿನಂತೆ ಕಾಣುತ್ತದೆ. ಗ್ಯಾರೇಜ್‌ನಲ್ಲಿ ಒಬ್ಬರು ರೇಸ್ ಕೊಟ್ಟಾಗ ಇನ್ನೊಬ್ಬರು ದೂರದಿಂದ ಹೋಸ್ ಗಮನಿಸಿದರೆ ಗೊತ್ತಾಗುತ್ತದೆ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಸೆರಗು, ದುಪಟ್ಟಾ ಸುಳಿಯದಂತೆ ಎಚ್ಚರ ಇರಲಿ.

ಥರ್ಮೋಸ್ಟಾಟ್: ಪೂರ್ತಿ ಮುಚ್ಚಿಕೊಂಡರೆ ಊರೊಳಗೇ ಹೀಟ್ ಆಗುತ್ತದೆ. ಅರ್ಧ ಮಾತ್ರ ತೆರೆದರೆ ಊರಿನಲ್ಲಿ ಸರಿ, ಹೈವೇನಲ್ಲಿ ಹೀಟ್. ಬಿಚ್ಚಿದ ಥರ್ಮೋಸ್ಟಾಟನ್ನು ಹಳೆಯ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ತೆರೆಯುವುದು ಕಣ್ಣಿಗೇ ಕಾಣುತ್ತದೆ. ಯಾವ ಡಿಗ್ರಿಗೆ ತೆರೆಯಬೇಕೆಂಬುದು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ.

ರೇಡಿಯೇಟರ್‌ನ ಒಳಭಾಗ: ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ, ಜೊತೆಗೆ ತುಕ್ಕು ಸೇರುತ್ತದೆ. ಎಂಜಿನ್ ಬಿಸಿಯಿದ್ದಾಗ ಮೆಕ್ಯಾನಿಕ್ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ರೇಡಿಯೇಟರ್ ಉದ್ದಕ್ಕೂ ಅಳೆದರೆ ಕಟ್ಟಿಕೊಂಡ ಜಾಗ ತಣ್ಣಗಿರುವುದು ಕಾಣುತ್ತದೆ. ಬಿಸಿ ಕೂಲೆಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ ಎಂದರ್ಥ.

ವಾಟರ್ ಪಂಪ್: ಒಳಗಿನ ರೆಕ್ಕೆಗಳು ತುಕ್ಕು ಹಿಡಿದು ಸವೆದಿರಬಹುದು, ಇಲ್ಲವೇ ರೆಕ್ಕೆ ತನ್ನ ಅಚ್ಚಿನ ಮೇಲೆ ಸಡಿಲವಾಗಿರಬಹುದು. ನಿಧಾನಕ್ಕೆ ಸಾಕಾಗುವಷ್ಟು ತಳ್ಳುತ್ತದೆ, ಹೆಚ್ಚು ಬೇಕಾದಾಗ ಸೋಲುತ್ತದೆ.

ಇಷ್ಟಾದರೂ ಸಿಗದಿದ್ದರೆ ಎಂಜಿನ್‌ಗೆ ಅನಗತ್ಯ ಹೊರೆ ಬೀಳುತ್ತಿದೆಯೇ ನೋಡಬೇಕು. ಬಿಡಿಸಿಕೊಳ್ಳದ ಬ್ರೇಕ್ (ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿರುತ್ತದೆ), ಜಾರುವ ಕ್ಲಚ್, ಕಟ್ಟಿಕೊಂಡ ಸೈಲೆನ್ಸರ್ ಇಂಥವು.

ಹೆಡ್ ಗ್ಯಾಸ್ಕೆಟ್: ಮುಂದೂಡಬಾರದ ಸೂಚನೆಗಳು

ಒಮ್ಮೆ ಜೋರಾಗಿ ಹೀಟ್ ಆದ ಕಾರನ್ನು ಹಾಗೇ ಓಡಿಸಿದರೆ ಸಿಲಿಂಡರ್ ಹೆಡ್ ಬೆಂಡ್ ಆಗಿ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಲಿಂದ ಮುಂದೆ ಹೀಟ್ ಆಗುವುದು ರೋಗವೂ ಹೌದು, ಲಕ್ಷಣವೂ ಹೌದು. ಸೂಚನೆಗಳು ಹೀಗಿವೆ: ಹೊರಗೆ ಸೋರಿಕೆ ಕಾಣದಿದ್ದರೂ ಕೂಲೆಂಟ್ ಕಡಿಮೆಯಾಗುತ್ತದೆ. ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಎಂಜಿನ್ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಕಾಣುತ್ತದೆ. ತಣ್ಣಗಿದ್ದ ಕಾರು ಸ್ಟಾರ್ಟ್ ಆದ ಕೂಡಲೇ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ರಿಸರ್ವ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತದೆ. ಗ್ಯಾರೇಜ್‌ನಲ್ಲಿ ಇದಕ್ಕೊಂದು ಸರಳ ಪರೀಕ್ಷೆಯಿದೆ. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಎಂಜಿನ್ ಹೊಗೆ ಬೆರೆತಿದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಹೆಡ್ ಇಳಿಸುವ ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಈ ಪರೀಕ್ಷೆ ಮಾಡಿಸಿ.

ವಾಟ್ಸಾಪ್ ಸಲಹೆಗಳು: ಯಾವುದು ನಿಜ, ಯಾವುದು ಸುಳ್ಳು?

"ಥರ್ಮೋಸ್ಟಾಟ್ ತೆಗೆದರೆ ಹೀಟ್ ಆಗುವುದಿಲ್ಲ": ತಪ್ಪು ಸಲಹೆ. ಎಂಜಿನ್ ಬೇಕಾದ ಬಿಸಿಗೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಇನ್ನೂ ಮುಖ್ಯವಾದದ್ದು, ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ರೇಡಿಯೇಟರ್ ತಪ್ಪಿಸುವ ಅಡ್ಡದಾರಿಯನ್ನೂ ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಹೀಟ್ ಇನ್ನೂ ಹೆಚ್ಚಬಹುದು.

"ಕೂಲೆಂಟ್ ವೇಗವಾಗಿ ಹರಿದರೆ ತಣ್ಣಗಾಗಲು ಸಮಯ ಸಿಗುವುದಿಲ್ಲ": ಸುಳ್ಳು. ವೇಗವಾಗಿ ಹರಿದರೆ ಒಂದು ಸುತ್ತಿಗೆ ಸಿಗುವ ಸಮಯ ಕಡಿಮೆ, ಆದರೆ ಸುತ್ತುಗಳು ಹೆಚ್ಚು. ರೇಡಿಯೇಟರ್ ಮೇಲಿಂದ ಕೆಳಗಿನವರೆಗೂ ಬಿಸಿಯಾಗಿರುವುದರಿಂದ ಗಾಳಿಗೆ ಹೋಗುವ ಒಟ್ಟು ಬಿಸಿ ಹೆಚ್ಚೇ ಆಗುತ್ತದೆ.

"ಹೀಟರ್ ಆನ್ ಮಾಡಿದರೆ ಎಂಜಿನ್ ತಣ್ಣಗಾಗುತ್ತದೆ": ನಿಜ, ತಾತ್ಕಾಲಿಕವಾಗಿ. ಕಾರಿನೊಳಗಿನ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್. ಅದಕ್ಕೂ ಎಂಜಿನ್ನಿನ ಬಿಸಿ ಕೂಲೆಂಟೇ ಬರುತ್ತದೆ. ಇಲ್ಲೊಂದು ಒಳ್ಳೆಯ ಸುಳಿವೂ ಇದೆ. ಮುಳ್ಳು ಕೆಂಪಿನ ಹತ್ತಿರವಿದ್ದರೂ ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ ಕೂಲೆಂಟ್ ಖಾಲಿಯಾಗಿದೆ ಅಥವಾ ಹರಿಯುತ್ತಿಲ್ಲ. ಕೂಡಲೇ ನಿಲ್ಲಿಸಬೇಕು.

"ಎಸಿ ಆಫ್ ಮಾಡಿ": ನಿಜ. ಎಸಿ ಎಂಜಿನ್‌ಗೆ ಹೊರೆ, ಜೊತೆಗೆ ಅದರ ಕಂಡೆನ್ಸರ್ ತನ್ನ ಬಿಸಿಯನ್ನು ರೇಡಿಯೇಟರ್‌ಗೆ ಬರುವ ಗಾಳಿಗೇ ಸೇರಿಸುತ್ತದೆ.

"ಕೂಲೆಂಟ್ ಬದಲು ನೀರೇ ಸಾಕು": ತುರ್ತಿನಲ್ಲಿ ಸರಿ, ಅಭ್ಯಾಸಕ್ಕೆ ಅಲ್ಲ. ಬಿಸಿ ಹೊರುವುದರಲ್ಲಿ ನೀರು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತುಕ್ಕು ತಡೆಯುವ ಗುಣ ಅದಕ್ಕಿಲ್ಲ, ಕುದಿಯುವ ಉಷ್ಣತೆಯೂ ಕಡಿಮೆ. ದಾರಿಯಲ್ಲಿ ಕುಡಿಯುವ ನೀರು ಹಾಕಿ ಊರು ಸೇರಿದರೆ, ಆಮೇಲೆ ಪೂರ್ತಿ ತೆಗೆಸಿ ಸರಿಯಾದ ಕೂಲೆಂಟ್ ತುಂಬಿಸಿ.

"ಹಸಿರು ಕೂಲೆಂಟ್ ಎಲ್ಲ ಕಾರಿಗೂ ಆಗುತ್ತದೆ": ಸುಳ್ಳು. ಬಣ್ಣಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ನಿಯಮವಿಲ್ಲ. ಹೊಂದದ ಎರಡು ಬಗೆ ಬೆರೆತರೆ ರಾಡಿ ಕಟ್ಟಬಹುದು. ಕಾರಿನ ಮ್ಯಾನುಯಲ್‌ನಲ್ಲಿ ಹೇಳಿರುವ ಬಗೆಯನ್ನೇ ಹಾಕಿ.

"ಬೆಟ್ಟದ ಮೇಲೆ ತಂಪು, ಅಲ್ಲಿ ಹೀಟ್ ಆಗುವುದಿಲ್ಲ": ಪೂರ್ತಿ ನಿಜವಲ್ಲ. 95 ಡಿಗ್ರಿಯ ರೇಡಿಯೇಟರ್‌ಗೂ 35 ಡಿಗ್ರಿಯ ಗಾಳಿಗೂ 60 ಡಿಗ್ರಿ ವ್ಯತ್ಯಾಸ. ಗಾಳಿ 20 ಡಿಗ್ರಿಯಾದರೆ ವ್ಯತ್ಯಾಸ 75. ಕಾಲು ಭಾಗದಷ್ಟು ಅನುಕೂಲ ಹೌದು. ಆದರೆ ಎತ್ತರದಲ್ಲಿ ಗಾಳಿ ತೆಳುವಾಗುವುದು ಆ ಲಾಭದಲ್ಲಿ ಒಂದು ಪಾಲನ್ನು ತಿನ್ನುತ್ತದೆ. ಮೇಲಾಗಿ ಏರು ರಸ್ತೆಯಲ್ಲಿ ಹೊರೆ ಹೆಚ್ಚು. ಕಟ್ಟಿಕೊಂಡ ರೇಡಿಯೇಟರನ್ನು ಯಾವ ಮಂಜೂ ಬಿಡಿಸುವುದಿಲ್ಲ.

"ಎಂಜಿನ್ ಮೇಲೆ ತಣ್ಣೀರು ಸುರಿಯಿರಿ": ಅಪಾಯಕಾರಿ. ಬಿಸಿ ಲೋಹ ಒಂದು ಕಡೆ ಏಕಾಏಕಿ ತಣ್ಣಗಾದರೆ ಬಿರುಕು ಬಿಡಬಹುದು. ಹಬೆ ಮುಖಕ್ಕೆ ಹೊಡೆಯುತ್ತದೆ.

ಮುಳ್ಳು ಏರತೊಡಗಿದರೆ ಏನು ಮಾಡಬೇಕು?

ಮೊದಲೊಂದು ಮಾತು. ಹಲವು ಹೊಸ ಕಾರುಗಳಲ್ಲಿ ಮುಳ್ಳು ನಿಜವಾದ ಉಷ್ಣತೆಯನ್ನು ಡಿಗ್ರಿ ಡಿಗ್ರಿಯಾಗಿ ತೋರಿಸುವುದಿಲ್ಲ. ಉಷ್ಣತೆ ಸ್ವಲ್ಪ ಏರಿಳಿದರೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ನಡು ಬಿಟ್ಟು ಮೇಲೆ ಹೊರಟಿತೆಂದರೆ ತಡ ಮಾಡುವಂತಿಲ್ಲ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅದು ಹತ್ತಿತೆಂದರೆ ಆಗಲೇ ಹೀಟ್ ಆಗಿದೆ ಎಂದರ್ಥ.

ಮುಳ್ಳು ನಡುವಿನಿಂದ ಸ್ವಲ್ಪ ಮೇಲೆ ಬಂದಾಗ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ, ವೇಗ 60ರ ಸುತ್ತ ತನ್ನಿ. ಇಳಿಯತೊಡಗಿದರೆ ನಿಧಾನವಾಗಿ ಹತ್ತಿರದ ಗ್ಯಾರೇಜ್ ಸೇರಬಹುದು.

ಮುಳ್ಳು ಕೆಂಪಿಗೆ ಹೋದರೆ, ಕೆಂಪು ದೀಪ ಹತ್ತಿದರೆ ಅಥವಾ ಹಬೆ ಕಂಡರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ. "ಇನ್ನೊಂದು ಐದು ಕಿಲೋಮೀಟರ್ ತಾನೇ" ಎಂಬ ಧೈರ್ಯವೇ ಸಾವಿರ ರೂಪಾಯಿಯ ಹೋಸ್ ಕೆಲಸವನ್ನು ಎಂಜಿನ್ ಇಳಿಸುವ ಕೆಲಸ ಮಾಡುತ್ತದೆ. ಹಬೆ ನಿಂತ ಮೇಲೆ ಬಾನೆಟ್ ಎತ್ತಿ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಮುಟ್ಟಿದಾಗ ತಣ್ಣಗೆ, ಒತ್ತಿದಾಗ ಮೆತ್ತಗೆ ಇದ್ದರೆ ಮಾತ್ರ ದಪ್ಪ ಬಟ್ಟೆ ಹಿಡಿದು, ಮುಖ ದೂರವಿಟ್ಟು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ.

ಬಂಡೀಪುರದ ದಾರಿಯಲ್ಲಿ ಹೆಚ್ಚಿನ ಎಚ್ಚರ

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 766 ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿನ ಕಡೆ ಹೋಗುತ್ತದೆ. ಹೆದ್ದಾರಿ 181 ಹಂಗಳ, ಮೇಲುಕಾಮನಹಳ್ಳಿ ದಾಟಿ ಬಂಡೀಪುರದ ಮೂಲಕ ಊಟಿಯ ಕಡೆ ಸಾಗುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹಂಗಳದಲ್ಲಿ ತಿರುಗಬೇಕು. ಎರಡೂ ಹೆದ್ದಾರಿಗಳ ಕಾಡಿನ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಹಗಲಲ್ಲೂ ಕಾಡಿನೊಳಗೆ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಆನೆಗಳು ರಸ್ತೆ ದಾಟುವ ಜಾಗ ಅದು.

ಆದ್ದರಿಂದ ಗುಂಡ್ಲುಪೇಟೆಯಲ್ಲೇ ಕಾಫಿಗೆ ನಿಲ್ಲಿಸಿ ಮುಳ್ಳು ನೋಡಿ. ಮೈಸೂರಿನಿಂದ ಬರುವ ಸುಮಾರು 60 ಕಿ.ಮೀ.ನಲ್ಲಿ ಮುಳ್ಳು ಒಮ್ಮೆಯಾದರೂ ಏರಿದ್ದರೆ ಕಾಡಿಗೆ ಇಳಿಯಬೇಡಿ. ಪೇಟೆಯಲ್ಲಿ ಮೆಕ್ಯಾನಿಕ್ ಸಿಗುತ್ತಾರೆ, ಕಾಡಿನಲ್ಲಿ ಎಲ್ಲ ಕಡೆ ಫೋನ್ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಮಸಿನಗುಡಿ ಕಡೆಯಿಂದ ಊಟಿಗೆ ಹತ್ತುವ 36 ತಿರುವಿನ ಕಲ್ಹಟ್ಟಿ ಘಾಟ್ ಅಂತೂ ಹೀಟ್ ಆಗುವ ಕಾರಿಗೆ ಅಲ್ಲವೇ ಅಲ್ಲ.

ಕಾಡಿನೊಳಗೇ ಕೆಟ್ಟು ನಿಂತರೆ ಆದಷ್ಟು ಎಡಕ್ಕೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಕಾರಿನೊಳಗೇ ಇರಿ. ನೆಟ್‌ವರ್ಕ್ ಇದ್ದರೆ 112ಕ್ಕೆ ಅಥವಾ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಹಾದುಹೋಗುವ ಬಸ್ ಅಥವಾ ವಾಹನದವರ ಮೂಲಕ ಮುಂದಿನ ಚೆಕ್‌ಪೋಸ್ಟ್‌ಗೆ ಹೇಳಿಕಳುಹಿಸಿ. ನೀರು ಹುಡುಕಿಕೊಂಡು ಕಾಡಿನೊಳಗೆ ನಡೆಯಬೇಡಿ.

ಇನ್ನೊಂದು ವಿಷಯ. ಹಳೆಯ ಕೂಲೆಂಟನ್ನು ರಸ್ತೆ ಪಕ್ಕ ಚೆಲ್ಲಬೇಡಿ. ಹೆಚ್ಚಿನ ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಸ್ವಲ್ಪ ನೆಕ್ಕಿದರೂ ನಾಯಿ, ದನ, ಕಾಡುಪ್ರಾಣಿಗಳ ಮೂತ್ರಪಿಂಡ ಹಾಳಾಗಬಹುದು. ಮನೆಯಲ್ಲಿ ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದೂ ಮಕ್ಕಳಿಗೆ ಅಪಾಯ.

ಕೈ ಅಥವಾ ಮುಖ ಸುಟ್ಟರೆ

ಹರಿಯುವ ತಣ್ಣೀರನ್ನು (ಐಸ್ ಅಲ್ಲ) 20 ನಿಮಿಷ ಸುರಿಯಿರಿ. ಉಂಗುರ, ಬಳೆ, ವಾಚ್ ಊತ ಬರುವ ಮುನ್ನವೇ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ ಗಾಯ ಸಣ್ಣದೆನಿಸಿದರೂ ವೈದ್ಯರು ನೋಡಲೇಬೇಕು.

ಹೊರಡುವ ಹಿಂದಿನ ದಿನ: ಐದು ನಿಮಿಷದ ಪಟ್ಟಿ

1. ತಣ್ಣಗಿರುವಾಗ ಕೂಲೆಂಟ್ ಮಟ್ಟ.
2. ಎಂಜಿನ್ ಆಯಿಲ್ ಮಟ್ಟ.
3. ಗ್ರಿಲ್, ರೇಡಿಯೇಟರ್ ಮುಂದೆ ಕಸ, ಹೊಟ್ಟು.
4. ಹೋಸ್‌ಗಳಲ್ಲಿ ಬಿರುಕು, ಕಾರು ನಿಂತ ಜಾಗದಲ್ಲಿ ಬಣ್ಣದ ಹನಿ.
5. ಎಂಜಿನ್ ಬಿಸಿಯಾದಾಗ ಅಥವಾ ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ಎಂಬುದು.
6. ಡಿಕ್ಕಿಯಲ್ಲಿ ಐದು ಲೀಟರ್ ನೀರು, ದಪ್ಪ ಬಟ್ಟೆ, ಟಾರ್ಚ್.

ಯಾರಾದರೂ ನಿಮ್ಮ ಗುಂಪಿನಲ್ಲಿ ಥರ್ಮೋಸ್ಟಾಟ್ ಕಿತ್ತುಹಾಕಿ, ಬಿಸಿಯಿರುವಾಗಲೇ ಮುಚ್ಚಳ ತೆಗೆದು ನೀರು ಹಾಕಿ ಎಂಬ ಸಂದೇಶ ಕಳಿಸಿದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅವರಿಗೆ ಒಂದೇ ಪ್ರಶ್ನೆ ಕೇಳಿ: ಕಾರು ಹೀಟ್ ಆಗುವುದು ನಿಂತಾಗಲೋ, ಓಡುವಾಗಲೋ? ಆ ಉತ್ತರ ಹಿಡಿದು ಮೆಕ್ಯಾನಿಕ್ ಬಳಿ ಹೋದರೆ ಹಣವೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.